ಮಾತನಾಡದ ಕತ್ತೆಯ ಜೊತೆ ಸಿಂಗಾಪುರಕ್ಕೆ

ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಹಾರಿ ಚಾಂಗಿ ನಿಲ್ದಾಣದಲ್ಲಿ ಇಳಿದಾಗ ಅಲ್ಲಿ ಸಂಜೆ ಐದು. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಟ್ಟುಕೊಂಡೆ. ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ನಿಮಿಷದ ಒಂದು ಅನಿಮೇಷನ್ ಚಿತ್ರವಿತ್ತು. ಶ್ರೀರಂಗಪಟ್ಟಣದ ಮಡಿವಾಳರ ಕತ್ತೆಯೊಂದು ಹೊಳೆಯ ದಾರಿ ಹಿಡಿದು ಸಮುದ್ರ ನೋಡಲು ಹೊರಡುವ ಕಥೆ. ಮೈಸೂರಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ, ರಜೆಗಳಲ್ಲಿ ಕೂತು ಮೂರು ವರ್ಷ ಹಾಳೆ ಹಾಳೆಯಾಗಿ ಬರೆದದ್ದು. ಅದನ್ನು ಪೂರ್ಣ ಚಿತ್ರವಾಗಿಸಲು ನಿರ್ಮಾಪಕರು ಬೇಕಿದ್ದರು. ಹಲವು ದೇಶಗಳ ನಿರ್ಮಾಪಕರು ಸಿಂಗಾಪುರದಲ್ಲಿ ಮೂರು ದಿನ ಒಂದೆಡೆ ಸೇರುತ್ತಾರೆಂದು ತಿಳಿದು ಬಂದಿದ್ದೆ.

ರೈಲಿನಲ್ಲಿ ತಾನಾ ಮೇರಾದಲ್ಲಿ ಬದಲಿಸಿ ಮುಂದಿನ ನಿಲ್ದಾಣವೇ ಬೆಡೋಕ್. ಟಿಕೆಟ್ಟಿಗೆ ಎರಡು ಡಾಲರೂ ಆಗಲಿಲ್ಲ. ಕಾಲೇಜಿನ ಗೆಳತಿ ಶುಭಾ ಸ್ಟೇಷನ್ನಿಗೆ ಬಂದಿದ್ದಳು. ಉಡುಪಿಯವಳು, ಇಲ್ಲಿ ಸಾಫ್ಟ್‌ವೇರ್ ಕೆಲಸ. ಹಾಕರ್ ಸೆಂಟರೆಂಬ ತಿಂಡಿ ಅಂಗಡಿಗಳ ಸಾಲಿನಲ್ಲಿ ತೆಂಗಿನತುರಿ, ಬೆಲ್ಲದ ಜೊತೆ ಇಡಿಯಪ್ಪ ತಿನ್ನಿಸಿ ಮನೆಗೆ ಕರೆದೊಯ್ದಳು.

"ಈಗ ನನ್ನ ಮುಂದೇನೇ ಒಂದ್ಸಲ ಪಿಚ್ ಮಾಡು. ನಾನೇ ಪ್ರೊಡ್ಯೂಸರ್ ಅಂದ್ಕೋ" ಎಂದಳು. ಚಿತ್ರ ತೋರಿಸಿದೆ. ಅವಳ ಏಳು ವರ್ಷದ ಮಗಳು ಕೊನೆಯವರೆಗೂ ನೋಡಿ, "ಆಂಟಿ, ಡಾಂಕಿ ಯಾಕೆ ಮಾತೇ ಆಡಲ್ಲ? ಸೋ ಸ್ಟ್ರೇಂಜ್ ಲಾ!" ಎಂದು ಸಿಂಗಾಪುರದ ಧಾಟಿಯಲ್ಲಿ ಕೇಳಿದಳು. ನಗು ಬಂತು, ಸ್ವಲ್ಪ ಅಳುಕೂ ಆಯಿತು.

ಮರುದಿನ ಸಭಾಂಗಣದಲ್ಲಿ ಒಬ್ಬೊಬ್ಬ ನಿರ್ಮಾಪಕರ ಬಳಿ ಹದಿನೈದು ನಿಮಿಷ. ಮೊದಲಿಗೆ ಮಕ್ಕಳ ಚಾನೆಲೊಂದರ ಲಿಮ್ ಎಂಬವರು ಸಿಕ್ಕರು. ಸಜ್ಜನರು. "ಚಿತ್ರ ಇಷ್ಟವಾಯಿತು. ಕತ್ತೆ ಮಾತನಾಡಲಿ, ಜೊತೆಗೊಂದು ತಮಾಷೆಯ ಗಿಳಿ ಇರಲಿ. ಇಪ್ಪತ್ತಾರು ಕಂತು ಮಾಡೋಣ. ನಾಡಿದ್ದು ಮಧ್ಯಾಹ್ನದೊಳಗೆ ಹೇಳಿ" ಎಂದರು. ಶಾಲೆ ಬಿಟ್ಟು ಇಡೀ ದಿನ ಚಿತ್ರ ಬರೆಯುವ ನನ್ನನ್ನು ಅಲ್ಲೇ ಕಲ್ಪಿಸಿಕೊಂಡೆ.

ಮಧ್ಯಾಹ್ನದ ಭೇಟಿ ಫ್ರಾನ್ಸಿನ ಮದಾಮ್ ಒಡಿಲ್ ಜೊತೆ. ಸ್ವತಂತ್ರ ನಿರ್ಮಾಪಕಿ, ಯಾವ ದೊಡ್ಡ ಕಂಪನಿಗೂ ಸೇರಿದವರಲ್ಲ. ಗಿಡ್ಡ ಬಿಳಿಗೂದಲು; ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಪೋಸ್ಟರೂ ಇಲ್ಲ. ಚಿತ್ರ ನೋಡಿದರು. ಸದ್ದು ನಿಲ್ಲಿಸಿ ಮತ್ತೊಮ್ಮೆ ನೋಡಿದರು.

"ಹೊಳೆಗೆ ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ಕತ್ತೆ ಯಾಕೆ ನಿಲ್ಲುತ್ತದೆ?"

"ನಾನು ನೋಡಿದ ಕತ್ತೆ ದಿನಾ ಅಲ್ಲೇ ನಿಲ್ಲುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

"ಇನ್ನೆರಡು ಸೆಕೆಂಡ್ ನಿಲ್ಲಿಸಿ" ಎಂದು, "ನಾಳೆ ಬೆಳಿಗ್ಗೆ ಬಿಡುವಿದೆಯೆ? ಈ ಏಸಿಯಲ್ಲಿ ಕೂತು ಸಮುದ್ರದ ಮಾತಾಡಲು ನನಗಾಗದು" ಎಂದರು.

ಹಾಗಾಗಿ ಎರಡನೆಯ ದಿನ ಬೆಳಿಗ್ಗೆ ಪಾಸಿರ್ ರಿಸ್‌ಗೆ ಹೋದೆವು. ಬೆಡೋಕಿನಿಂದ ನಾಲ್ಕನೇ ನಿಲ್ದಾಣ, ಅಲ್ಲಿಂದ ಕಾಲು ಗಂಟೆ ನಡಿಗೆ. ತೀರ ತಲುಪುತ್ತಲೇ ಡಿಸೆಂಬರಿನ ಮಳೆ ಹುಯ್ಯಿತು. ಚಪ್ಪರದಂಥದೊಂದು ಮಾಡಿನಡಿ ನಿಂತಾಗ ಒಡಿಲ್ ತಮ್ಮ ಕಥೆ ಹೇಳಿದರು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಪಾರದರ್ಶಕ ಹಾಳೆಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಸೇರಿದವರು. ಹನ್ನೆರಡು ವರ್ಷದ ಮೇಲೆ ಆ ಕೆಲಸವೆಲ್ಲ ಏಷ್ಯಾಕ್ಕೆ ಹೋಗಿ ಸ್ಟುಡಿಯೋ ಮುಚ್ಚಿತು. ಇಬ್ಬರು ಸಹೋದ್ಯೋಗಿಗಳನ್ನು ಕಟ್ಟಿಕೊಂಡು, ಸಣ್ಣ ಊರೊಂದರ ಬೇಕರಿಯ ಮಹಡಿಯಲ್ಲಿ ತಮ್ಮದೇ ಸಂಸ್ಥೆ ಶುರುಮಾಡಿದರು. ಮೊದಲ ಚಿತ್ರದಲ್ಲಿ ಒಂದು ಮೂಕ ಕೊಕ್ಕರೆ. ವಿತರಕರು ಅದು ಮಾತನಾಡಲೇಬೇಕೆಂದರು.

"ಒಪ್ಪಿದೆ. ಚಿತ್ರ ಚೆನ್ನಾಗಿಯೇ ಓಡಿತು. ಆದರೆ ನಿರ್ದೇಶಕ ಮೊದಲ ಪ್ರದರ್ಶನದ ನಡುವೆ ಎದ್ದು ಹೋದ. ಮತ್ತೆ ನನ್ನ ಜೊತೆ ಕೆಲಸ ಮಾಡಲಿಲ್ಲ. ಅವನಂಥ ಕೈ ನನಗೆ ಇನ್ನೊಂದು ಸಿಕ್ಕಿಲ್ಲ." ಮಳೆಯ ಎರಚಲಿಗೆ ಒಂದು ಹೆಜ್ಜೆ ಹಿಂದೆ ಸರಿದರು. "ಆಮೇಲೆ ಐದು ಚಿತ್ರ ಮಾಡಿದೆ. ಒಂದಕ್ಕೆ ಒಂಬತ್ತು ವರ್ಷ ಹಿಡಿಯಿತು. ಮೂರನ್ನು ಹೆಚ್ಚು ಜನ ನೋಡಲೇ ಇಲ್ಲ. ಆದರೆ ಐದನ್ನೂ ನಾನು ಕೊನೆಯವರೆಗೆ ಕೂತು ನೋಡಬಲ್ಲೆ."

ಲಿಮ್ ಹೇಳಿದ್ದನ್ನು ತಿಳಿಸಿ, "ಬೇಡ ಅನ್ನಲೇ?" ಎಂದು ಕೇಳಿದೆ.

"ಅದನ್ನು ನಾನು ಹೇಳಬಾರದು. ನಿಮ್ಮ ಚಿತ್ರ ಮಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಪಾಲುದಾರರನ್ನು ಕೇಳಬೇಕು."

ಸಂಜೆ ಶುಭಾ ರೇಗಿದಳು. "ಕನ್ಫರ್ಮ್ ಆಗಿರೋದನ್ನ ಬಿಟ್ಟು, ಯೋಚನೆ ಮಾಡ್ತೀನಿ ಅಂದೋರನ್ನ ನಂಬ್ತೀಯಾ? ಅವರೂ ಇಲ್ಲ ಅಂದ್ರೆ? ಮತ್ತೆ ರಜೇಲೆಲ್ಲ ಒಬ್ಬಳೇ ಕೂತು ಬರೀತೀಯಾ?"

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ಊಟದ ಮೇಜಿನ ಮೇಲೆ ಪುಸ್ತಕ ತೆರೆದು, ಮಾತನಾಡುವ ಕತ್ತೆಯನ್ನು ಪ್ರಾಮಾಣಿಕವಾಗಿ ಬರೆದು ನೋಡಿದೆ. ಹತ್ತು ಪುಟ. ಬಾಯಿ ಆಡತೊಡಗಿದ್ದೇ ಅದರ ಕಿವಿಗಳಿಗೆ ಕೆಲಸವೇ ಇಲ್ಲದಾಯಿತು. ಇಷ್ಟು ವರ್ಷ ಆ ಕತ್ತೆಯ ಸಂತೋಷ, ಭಯ ಎಲ್ಲವನ್ನೂ ಕಿವಿಗಳಲ್ಲೇ ಬರೆದಿದ್ದೆ.

"ಒಬ್ಬಳೇ ಕೂತು ಬರೀತೀನಿ ಕಣೆ" ಎಂದೆ. ಅವಳು ಪುಟಗಳನ್ನು ತಿರುವಿ ನೋಡಿ, ಕಾಫಿ ಮಾಡಲು ಎದ್ದಳು.

ಕೊನೆಯ ದಿನ ಮೊದಲು ಹೋದದ್ದು ಲಿಮ್ ಬಳಿಗೆ. ಬೇಡವೆಂದೆ. ಬೇಸರಿಸದೆ ಕೈಕುಲುಕಿದರು. ಅಲ್ಲಿಂದ ಒಡಿಲ್ ಅವರ ಮೇಜಿಗೆ ನಡೆಯುವಾಗ ಕಾಲು ಹಗುರಾಗಿತ್ತು. ಅವರೂ ಇಲ್ಲವೆಂದರೆ ಏನು ಮಾಡಬೇಕೆಂಬುದು ಆಗಲೇ ನಿರ್ಧಾರವಾಗಿತ್ತಲ್ಲ.

"ಅವರಿಗೆ ಏನು ಹೇಳಿದಿರಿ?"

"ಆಗುವುದಿಲ್ಲ ಅಂದೆ. ಈಗಷ್ಟೇ."

ಒಡಿಲ್ ಪಾಲುದಾರರು ಕಳಿಸಿದ ಮೇಲ್ ತೆರೆದು ನನ್ನತ್ತ ತಿರುಗಿಸಿದರು. ಫ್ರೆಂಚಿನಲ್ಲಿ ಮೂರೇ ಸಾಲು. "ಮೊದಲ ವರ್ಷ ಕಥೆಗೆ, ದೃಶ್ಯಗಳ ಚಿತ್ರಗಳಿಗೆ. ಅಷ್ಟಕ್ಕೆ ಒಪ್ಪಿಗೆ ಇದೆ. ಆಮೇಲಿನ ವರ್ಷಗಳ ಲೆಕ್ಕ ಕೇಳಬೇಡಿ. ನನಗೀಗ ಅರವತ್ತೆರಡು. ನಿಮ್ಮ ಕತ್ತೆ ಸಮುದ್ರ ತಲುಪುವಾಗ ಎಪ್ಪತ್ತಾಗಿರಬಹುದು."

"ಅದು ಓಡುವ ಪ್ರಾಣಿಯಲ್ಲ ಮದಾಮ್" ಎಂದೆ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.

ಮರುದಿನ ಬೆಳಿಗ್ಗೆ ಹೊರಟೆ. ವಿಮಾನ ಮೇಲೇರಿ ಒಂದು ಸುತ್ತು ವಾಲಿದಾಗ ಕೆಳಗೆ ದ್ವೀಪ, ಅದರಾಚೆ ಬಂದರಿಗೆ ಕಾಯುತ್ತ ಲಂಗರು ಹಾಕಿದ ಹಡಗುಗಳು ಚೆಲ್ಲಾಪಿಲ್ಲಿಯಾಗಿ ಕಂಡವು. ಪೆನ್ಸಿಲ್ ತೆಗೆದೆ. ಮೋಡ ಮುಚ್ಚುವಷ್ಟರಲ್ಲಿ ಏಳು ಹಡಗು ಬರೆದಿದ್ದೆ. ಒಂದೂ ನೀರಿನ ಮೇಲೆ ನಿಂತಂತೆ ಮೂಡಿರಲಿಲ್ಲ. ಎಂಟನೆಯದಕ್ಕೆ ಪುಟ ತಿರುವಿದೆ.