ಕತ್ತೆಕಿರುಬಕ್ಕೆ ಬಡಿಸುವ ಕರಿಬಸವಯ್ಯ

ಬೆಳಗ್ಗೆ ಆರಕ್ಕೆಲ್ಲ ಕರಿಬಸವಯ್ಯ ಹಣೆತುಂಬ ವಿಭೂತಿ ಧರಿಸಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಕೋಳಿ ಕತ್ತರಿಸಲು ನಿಲ್ಲುತ್ತಾರೆ. ಬಾಯಲ್ಲಿ ಶಿವನಾಮ, ಕೈಯಲ್ಲಿ ಕೋಳಿ ಕಾಲು. ಮೈಸೂರಿನ ಅಂಚಿನಲ್ಲಿರುವ ಈ ವನ್ಯಜೀವಿ ಸಂರಕ್ಷಣಾ ಕೇಂದ್ರದಲ್ಲಿ ಗಾಯಗೊಂಡು ಬಂದ ಹದ್ದು, ಗೂಬೆ, ಕತ್ತೆಕಿರುಬಗಳಿಗೆಲ್ಲ ಇವರೇ ಅಡುಗೆಭಟ್ಟರು. "ಇದುವರ್ಗೂ ಒಂದ್ ತುಂಡು ಬಾಯಿಗಿಟ್ಟೋನಲ್ಲ ಸಾರ್. ಆದ್ರೆ ಯಾರ್ಗೆ ಮೂಳೆ ಇಷ್ಟ, ಯಾರ್ಗೆ ಮೆತ್ತಗಿರ್ಬೇಕು, ಎಲ್ಲಾ ಗೊತ್ತು" ಎಂದು ನಗುತ್ತಾರೆ.

ಮೊದಲು ಕೆಲಸ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿತ್ತು. ಅದು ಬಾಗಿಲು ಹಾಕಿದಾಗ ಇಲ್ಲಿ ತರಕಾರಿ ಹೆಚ್ಚಲು ಸೇರಿಕೊಂಡರು. ಮಾಂಸದ ಕೋಣೆಯ ರಾಮಯ್ಯ ನಿವೃತ್ತರಾದರು, ಚಾಕು ಇವರ ಕೈಗೆ ಬಂತು. ಮೊದಲ ವಾರವೆಲ್ಲ ಊಟ ಸೇರಲಿಲ್ಲ. ಆಮೇಲೆ, ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡು ಬಂದ ಮಲ್ಲಿ ಎಂಬ ಕತ್ತೆಕಿರುಬ ಇವರು ಹಾಕಿದರಷ್ಟೇ ತಿನ್ನತೊಡಗಿತು. ಅಲ್ಲಿಗೆ ಕೆಲಸ ಬಿಡುವ ಮಾತು ನಿಂತುಹೋಯಿತು.

ಮಂಡಿ ಮೊಹಲ್ಲಾದ ಮನೆಯಲ್ಲಿ ಮಾತ್ರ ಮೊನ್ನೆಮೊನ್ನೆಯವರೆಗೂ ಅವರು ಜಿಂಕೆಗೆ ಕ್ಯಾರೆಟ್ ಹೆಚ್ಚುವವರೇ. ಹೆಂಡತಿ ಸುಷ್ಮಾಗೆ ನಿಜ ಗೊತ್ತಿತ್ತು. ತಾಯಿ ನೀಲಮ್ಮನವರಿಗೆ ಹೇಳಲು ಧೈರ್ಯ ಸಾಲುತ್ತಿರಲಿಲ್ಲ. ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಜೀವ ಅದು. ಪೂಜೆಯಾದ ಮೇಲೆ ಮಗನೇ ಬಡಿಸಬೇಕು. "ಈ ಕೈ ಏನ್ ಕತ್ತರಿಸ್ತದೆ ಅಂತ ಗೊತ್ತಾದ್ರೆ ಅವ್ವ ಈ ಕೈಯಿಂದ ಉಣ್ತದಾ ಅಂತಿದ್ದೆ ಸಾರ್." ಅದೊಂದೇ ಅವರ ಭಯವಾಗಿತ್ತು.

ಅಂಥದ್ದರಲ್ಲಿ ಕಳೆದ ತಿಂಗಳು, ಸಿಬ್ಬಂದಿಯ ಮನೆಯವರಿಗೆಲ್ಲ ಉಚಿತ ಪ್ರವೇಶದ ದಿನ ಬಂದೇಬಿಟ್ಟಿತು. ಮಗಳು ನಿಶ್ಚಿತಾ ಅಜ್ಜಿಯನ್ನೂ ಹೊರಡಿಸಿದಳು. ಇಲ್ಲಿ ಗುಂಡಿ ಒತ್ತಿದರೆ ಹುಲಿಯ ಗರ್ಜನೆ ಕೇಳಿಸುತ್ತದೆ, ಆಮೆಯ ಬೆನ್ನು ಸವರಬಹುದು, ಉದ್ದನೆಯ ಇಕ್ಕಳದಲ್ಲಿ ಪ್ರಾಣಿಗಳಿಗೆ ತಿನ್ನಿಸಲೂಬಹುದು. ನೀಲಮ್ಮ ಹುಲಿಯ ಗುಂಡಿ ಒತ್ತಿ, ಬೆಚ್ಚಿಬಿದ್ದು, ಮತ್ತೆ ಒತ್ತಿದರು. ಕರಿಬಸವಯ್ಯ ಎಲ್ಲರನ್ನೂ ಸರಸರನೆ ಜಿಂಕೆಗಳ ಕಡೆ ಸಾಗಿಸಿ, ಅಲ್ಲಿನವರಿಂದ ಕ್ಯಾರೆಟ್ ಬುಟ್ಟಿ ಇಸಿದುಕೊಂಡು "ಬನ್ರಪ್ಪೋ" ಎಂದು ಕರೆದರು. ಬೆಳಗ್ಗೆ ಕೋಳಿ ಕತ್ತರಿಸಿದ ಕೈ. ಎಷ್ಟು ಸೋಪು ಹಾಕಿದರೂ ಜಿಂಕೆಯ ಮೂಗಿಗೆ ಮೋಸ ಮಾಡಲಾದೀತೇ? ಒಂದಕ್ಕೆ ವಾಸನೆ ಬಡಿಯಿತು, ಹಿಂಡಿಗೆ ಹಿಂಡೇ ಎದ್ದೆನೋ ಬಿದ್ದೆನೋ ಎಂದು ಓಡಿತು.

"ನೀನ್ ಸಾಕಿದ್ ಜಿಂಕೆ ನಿನ್ನೇ ಕಂಡ್ರೆ ಯಾಕೋ ಹಿಂಗ್ ಓಡ್ತವೆ?" ಎಂದರು ನೀಲಮ್ಮ.

"ನಾಚ್ಕೆ ಕಣವ್ವ."

ಅಷ್ಟರಲ್ಲಿ ದಾರಿಯ ಆಚೆ ಬದಿಯ ಬೇಲಿಯ ಬಳಿಗೆ ಮಲ್ಲಿ ಕುಂಟುತ್ತಾ ಓಡಿಬಂದು, ಕರಿಬಸವಯ್ಯನವರನ್ನೇ ನೋಡುತ್ತಾ ನಾಯಿಮರಿಯ ಹಾಗೆ ಕುಂಯ್‌ಗುಟ್ಟತೊಡಗಿತು. ಪಕ್ಕದಲ್ಲೇ ಇಕ್ಕಳ, ಮಾಂಸದ ಬಟ್ಟಲು. ನೀಲಮ್ಮ ಬಟ್ಟಲು ನೋಡಿದರು, ಮಲ್ಲಿಯನ್ನು ನೋಡಿದರು, ಮಗನನ್ನು ನೋಡಿದರು. ಇನ್ನು ಮುಚ್ಚಿಡುವುದೇನು? ಕರಿಬಸವಯ್ಯ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿಬಿಟ್ಟರು.

ನೀಲಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, "ಪಾಪ, ಹಸ್ಕೊಂಡದೆ. ಹಾಕ್ಬುಡು. ತಿಂದಾದ್ಮೇಲೆ ಹೇಳು" ಎಂದರು.

ಮನೆಗೆ ಬಂದವರೇ ನೀಲಮ್ಮ ಸ್ನಾನ, ಪೂಜೆ ಮುಗಿಸಿ ತಟ್ಟೆಯ ಮುಂದೆ ಕೂತರು. ಕರಿಬಸವಯ್ಯನವರಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಕಾಲೇ ಬರಲಿಲ್ಲ. ಸುಷ್ಮಾ ಬಡಿಸಲು ಬಂದರೆ, ನೀಲಮ್ಮ ತಟ್ಟೆಗೆ ಕೈ ಅಡ್ಡ ಹಿಡಿದು ಮಗನ ಕಡೆ ತಿರುಗಿದರು.

"ಆ ಮಲ್ಲಿಗಾದ್ರೆ ಹೊತ್ತಿಗ್ ಸರಿಯಾಗಿ ಹಾಕ್ತೀಯ. ಹೆತ್ತೋಳ್ಗೆ ಯಾಕೋ ತಡ?"