ಸಾಯದ ಪಾಚಿ

ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಪಾಚಿ ಸಾಕಿದ ಅವನನ್ನು ಎಲ್ಲರೂ ಪಾಚಿಯಣ್ಣ ಎನ್ನುತ್ತಿದ್ದರು. ಮನೆಯ ಹೂಕುಂಡಗಳು ಒಣಗಿದರೂ ಇಲ್ಲಿನ ಸೀಸೆಗಳು ಒಣಗುವುದಿಲ್ಲವೆಂದು ಹೆಂಡತಿಯ ದೂರು. ಸಾಕುವುದು ಅವನ ಕೆಲಸ, ವೈರಸ್ ಹಾಕಿ ಕೊಲ್ಲುವುದು ಸಂಶೋಧಕಿಯದು. ವೈರಸ್ ತನ್ನದೇ ಪುಟ್ಟ ಕೊಳವೆಯನ್ನು ಪಾಚಿಯ ಪೊರೆಗೆ ಸಿಕ್ಕಿಸಿ, ಒಳಗಿನ ಪೊಟ್ಯಾಸಿಯಂ ಸೋರಿಸಿ, ಕೋಶದ ಬಿಗಿ ಸಡಿಲಿದೊಡನೆ ಡಿಎನ್‌ಎ ತೂರಿಸುತ್ತದೆ. ಆಮೇಲೆ ಪಾಚಿ ಸತ್ತು, ಸೀಸೆಯ ಹಸಿರು ನೀರು ತಿಳಿಯಾಗುತ್ತದೆ.

ಈ ಸಲ ಆಗಲಿಲ್ಲ.

“ಪಾಚಿಯಣ್ಣಾ, ವೈರಸ್ಸಿಗೇ ಬಗ್ಗದ ಪಾಚಿ ಸಿಕ್ತು! ನನ್ನ ಪಿಎಚ್‌ಡಿ ಮುಗೀತು ಅಂದ್ಕೊಳ್ಳಿ!” ಎಂದು ಆಕೆ ಕುಣಿದಳು.

ಅವನು ಕಪಾಟಿನ ಡಬ್ಬಿಗಳತ್ತ ತಿರುಗಿ ನೋಡಿದ. ಮೊನ್ನೆ ಕನ್ನಡಕ ಮರೆತು ಬಂದು, ಪಾಚಿಯ ನೀರಿಗೆ ಕ್ಯಾಲ್ಸಿಯಂ ಬದಲು ಪಕ್ಕದ ಬೇರಿಯಂ ಡಬ್ಬಿಯ ಉಪ್ಪು ಹಾಕಿದ್ದ. ಬೇರಿಯಂ ಆ ಕೊಳವೆಯ ಬಾಯಿಗೆ ಬೆಣೆ ಬಡಿದಂತೆ ಎಂದು ಆಕೆಯೇ ಹೇಳಿಕೊಟ್ಟಿದ್ದಳು. ಮಧ್ಯಾಹ್ನವೆಲ್ಲ ತೊಳೆದ ಸೀಸೆಗಳನ್ನೇ ತೊಳೆದ. ಕೊನೆಗೆ ಹೋಗಿ ಹೇಳಿಯೇಬಿಟ್ಟ. “ತಪ್ಪು ನಂದಮ್ಮ, ಬೇರಿಯಂ ಹಾಕ್ಬಿಟ್ಟೆ. ಪಾಚಿ ಗಟ್ಟಿಯಲ್ಲ, ನನ್ನ ಕಣ್ಣು ಮಂಜು.”

ಆಕೆ ಪೆನ್ನು ಕೆಳಗಿಟ್ಟಳು. “ಬೇರೆ ಯಾರಿಗಾದ್ರೂ ಹೇಳಿದ್ರಾ?”

“ಇಲ್ಲಮ್ಮ.”

ಆಕೆ ಎದ್ದು ಬಾಗಿಲು ಮುಚ್ಚಿದಳು. “ನನ್ನ ಗೈಡ್ ಪ್ರೊಫೆಸರಿಗೆ ಸಾಯದ ಪಾಚಿ ಸಿಕ್ತು ಅಂತ ಆಗ್ಲೇ ಬರೆದು ಕಳಿಸಿಬಿಟ್ಟೆ. ಹೇಳ್ಬೇಡಿ, ಅಣ್ಣಾ.”

ಬೈಗುಳಕ್ಕೆ ತಯಾರಾಗಿ ಬಂದಿದ್ದವನು ಮುಚ್ಚಿದ ಬಾಗಿಲನ್ನೊಮ್ಮೆ, ಇನ್ನೂ ಹಸಿರಾಗಿದ್ದ ಸೀಸೆಯನ್ನೊಮ್ಮೆ ನೋಡಿದ.