ಎಲೆಬಳ್ಳಿಗೊಂದು ಗಾಜಿನ ಮನೆ

ಅತ್ತೆಯಿಲ್ಲದ ಮನೆಗೆ ಸೊಸೆಯಾಗಿ ಹೋಗುತ್ತಿದ್ದೇನೆಂದು ವೈಯಾಲಿಕಾವಲ್‌ನ ನನ್ನ ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಅವರಿಗೇನು ಗೊತ್ತು. ಬದುಕಿರುವ ಅತ್ತೆಯ ಜೊತೆ ಜಗಳವಾದರೂ ಆಡಬಹುದು. ಗೋಡೆಯ ಮೇಲಿನ ಫೋಟೋ ಜೊತೆ ಆಡುವುದು ಹೇಗೆ? ಚಾಮರಾಜಪೇಟೆಯ ಆ ಮನೆಗೆ ನಾನು ಕಾಲಿಡುವ ಒಂದು ವರ್ಷದ ಮುಂಚೆಯೇ ಅತ್ತೆ ತೀರಿಕೊಂಡಿದ್ದರು. ಆದರೂ ಉಪ್ಪಿನ ಜಾಡಿ ಎಲ್ಲಿರಬೇಕು, ಪೊರಕೆ ಯಾವ ಮೂಲೆಯಲ್ಲಿ ನಿಲ್ಲಬೇಕು, ಎಲ್ಲವೂ ಅವರು ಹೇಳಿಟ್ಟಂತೆಯೇ ನಡೆಯುತ್ತಿತ್ತು.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಶಾಸ್ತ್ರ ಸಂಪ್ರದಾಯ ಅಂದರೆ ನಗುತ್ತಿದ್ದರು. ಕಿತ್ತಳೆಹಣ್ಣು, ನಿಂಬೆಹಣ್ಣು, ಒಂದು ದೀಪ ಇಟ್ಟುಕೊಂಡು ಗ್ರಹಣ ಹೇಗಾಗುತ್ತದೆಂದು ಬೀದಿಯ ಮಕ್ಕಳಿಗೆಲ್ಲ ತೋರಿಸುತ್ತಿದ್ದರು. ಅವರು ಮರ್ಯಾದೆಯಿಂದ ಕಾಣುತ್ತಿದ್ದ ಶಾಸ್ತ್ರ ಒಂದೇ. ಹಿತ್ತಲಲ್ಲಿ ಅತ್ತೆ ನೆಟ್ಟಿದ್ದ ವೀಳ್ಯದೆಲೆ ಬಳ್ಳಿಯಿಂದ ಮಧ್ಯಾಹ್ನದ ಊಟವಾದ ಮೇಲೆ ಒಂದು ಎಲೆ. ಮೊದಲು ಅತ್ತೆ ಮಡಿಸಿ ಕೊಡುತ್ತಿದ್ದರಂತೆ. ಈಗ ಮಾವ ತಾವೇ ಕಿತ್ತು, ಪಂಚೆಗೆ ಒರೆಸಿ, ಅಲ್ಲೇ ನಿಂತು ಅಗಿಯುತ್ತಿದ್ದರು.

ನನ್ನ ಮದುವೆಯಾದ ವರ್ಷ ಚಳಿಗೆ ಆ ಬಳ್ಳಿ ಹಳದಿಯಾಗಿ ಉದುರತೊಡಗಿತು. "ಇದೂ ಹೋದ್ರೆ ಅವಳು ಎರಡನೇ ಸಲ ಹೋದ ಹಾಗೆ ಕಣಮ್ಮ" ಎಂದರು ಮಾವ. ಹೆಂಡತಿಯ ಬಗ್ಗೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಮರುವಾರದಿಂದ ಕೆಲಸ ಶುರು. ಪೇಟೆಯ ಗುಜರಿ ಅಂಗಡಿಗಳಿಂದ ಹಳೇ ಕಿಟಕಿಗಳನ್ನು ಗಾಜುಸಮೇತ ಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಹಿತ್ತಲಿನ ಬಿಸಿಲು ಬೀಳುವ ಗೋಡೆಗೆ ಅವನ್ನು ಇಳಿಜಾರಾಗಿ ಒರಗಿಸಿ, ಬಳ್ಳಿಯ ಸುತ್ತ ಒಂದು ಕೋಣೆ ಕಟ್ಟಿದರು. ಒಳಗೆ ನಾಲ್ಕು ಡ್ರಮ್ಮುಗಳಿಗೆ ಕಪ್ಪು ಬಣ್ಣ ಬಳಿದು ನೀರು ತುಂಬಿಸಿಟ್ಟರು. ಬಣ್ಣ ಬಳಿದವಳು ನಾನೇ. ಹಗಲೆಲ್ಲ ನೀರು ಬಿಸಿಲು ಕುಡಿದು ರಾತ್ರಿ ಆ ಶಾಖವನ್ನು ಬಿಟ್ಟುಕೊಡುತ್ತದೆ ಎಂದು ನನಗೆ ಪಾಠ ಮಾಡಿದರು. ನಡುವೆ ಒಂದು ಸಿಮೆಂಟಿನ ತೊಟ್ಟಿ. ಅದರಲ್ಲಿ ಮೀನು, ಮೀನಿನ ನೀರೇ ಬಳ್ಳಿಗೆ ಗೊಬ್ಬರ.

ಈರುಳ್ಳಿಯನ್ನೂ ಯೋಚಿಸಿ ಒಳಗೆ ಬಿಡುವ ಮನೆಗೆ ಮೀನು! ಬೀದಿಗೆ ಬೀದಿಯೇ ನೋಡಲು ಬಂತು. "ಲಾಲ್‌ಬಾಗ್ ನಿಮ್ಮ ಹಿತ್ಲಿಗೇ ಬಂದ್ಬಿಡ್ತಲ್ಲ ಮೇಷ್ಟ್ರೇ. ಮೀನು ಸಾಕೋಕೋ, ಸಾರಿಗೋ?" ಎಂದು ಪಕ್ಕದ ಮನೆಯವರು ಕಿಚಾಯಿಸಿದರು. ಮಾವ ನಕ್ಕುಬಿಟ್ಟರು. ಬಳ್ಳಿ ಚಿಗುರಿತು. ಮೀನುಗಳು ಮಾವನ ಬೆರಳು ಕಂಡರೆ ಮೇಲೆ ಬಂದು ಅನ್ನದ ಅಗುಳು ಕಚ್ಚಿಕೊಂಡು ಹೋಗುತ್ತಿದ್ದವು. ಬಿಸಿಲೇರಿದಂತೆ ಗಾಜುಗಳು ಟಕ್ ಟಕ್ ಎನ್ನುತ್ತಿದ್ದವು. ಯಾರೋ ಬಳೆ ಕೈಯಲ್ಲಿ ಕಿಟಕಿ ಬಡಿದಂತೆ ಕೇಳಿ ನಾನು ಎಷ್ಟೋ ಸಲ ಹಿಂತಿರುಗಿ ನೋಡಿದ್ದೇನೆ.

ಆ ತೊಟ್ಟಿಗೆ ಮಾವನ ಕಟ್ಟಪ್ಪಣೆ ಒಂದೇ. ನಲ್ಲಿ ನೀರನ್ನು ನೇರ ಬಿಡಕೂಡದು. ಎರಡು ದಿನ ಬಿಸಿಲಲ್ಲಿಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆಯೇ ಮೀನಿಗೆ.

ಆಮೇಲೆ ಆ ದೊಡ್ಡ ಸೂರ್ಯಗ್ರಹಣ ಬಂತು. ನಾನಾಗ ಆರು ತಿಂಗಳ ಬಸುರಿ. ಮಾವ ರಟ್ಟಿಗೆ ತೂತು ಕೊರೆದುಕೊಂಡು, ಮಕ್ಕಳಿಗೆ ಗ್ರಹಣ ತೋರಿಸಲು ಸ್ಕೂಲಿಗೆ ಹೋದರು. ನನ್ನ ಗಂಡ ಆಫೀಸಿನಲ್ಲಿ. ಬೀದಿ ಬಿಕೋ ಎನ್ನುತ್ತಿತ್ತು. ಕಿಟಕಿಗೆ ಕಂಬಳಿ ಹೊದಿಸಿ ಒಳಗೆ ಒಬ್ಬಳೇ ಕುಳಿತೆ. ಬೆಳಗ್ಗೆ ಪಕ್ಕದ ಮನೆಯ ಅಜ್ಜಿ ಹೇಳಿದ ಮಾತು ತಲೆಯಲ್ಲೇ ಸುತ್ತುತ್ತಿತ್ತು. "ಗ್ರಹಣ ಬಿಟ್ಮೇಲೆ ನಿಮ್ಮತ್ತೆ ಮನೇಲಿ ಒಂದು ಚೊಂಬು ಹಳೇ ನೀರು ಉಳಿಸ್ತಿರ್ಲಿಲ್ಲ. ನೀನು ಬಸ್ರಿ ಬೇರೆ, ನೋಡ್ಕೋ."

ಗ್ರಹಣ ಬಿಟ್ಟಿತು. ಸ್ನಾನ ಮಾಡಿ ಕೊಡ, ಹಂಡೆ, ಬಿಂದಿಗೆ ಎಲ್ಲ ಚೆಲ್ಲಿದೆ. ಡ್ರಮ್ಮುಗಳ ಬಾಯಿ ಬಿಗಿಯಾಗಿ ಮುಚ್ಚಿತ್ತು. ತೆರೆದ ತೊಟ್ಟಿಯೊಂದು ಉಳಿಯಿತು. ಮಾವನ ಮಾತು ಮರೆತಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು, ಗೋಡೆಯಿಂದ ಅತ್ತೆ ನೋಡುತ್ತಿದ್ದರು. ತೊಟ್ಟಿಯ ಬುಡದ ಬಿರಡೆ ಕಿತ್ತೆ. ಮೀನುಗಳಿಗೆ ಗೇಣು ನೀರು ಬಿಟ್ಟು ಉಳಿದದ್ದನ್ನೆಲ್ಲ ಹರಿಯಬಿಟ್ಟು, ನಲ್ಲಿಗೆ ಪೈಪು ಸಿಕ್ಕಿಸಿ ತುಂಬಿಸಿದೆ. ಮೂಗಿಗೆ ಬ್ಲೀಚಿಂಗ್ ವಾಸನೆ ಹೊಡೆಯಿತು. ಆದರೂ ನಿಲ್ಲಿಸಲಿಲ್ಲ.

ಮರುದಿನ ಬೆಳಗ್ಗೆ ಎಲ್ಲ ಮೀನುಗಳೂ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಾವ ಅನ್ನದ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

"ನಲ್ಲಿ ನೀರು ಏನಾದ್ರೂ ಬಿಟ್ಯೇನಮ್ಮಾ?"

"ಇಲ್ಲ ಮಾವ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. "ನಿನ್ನೆ ಗ್ರಹಣ ಇತ್ತಲ್ವಾ, ಅದಕ್ಕೇ ಇರ್ಬೇಕು" ಎಂದುಬಿಟ್ಟೆ.

ನಗುತ್ತಾರೆ, ಬೈಯುತ್ತಾರೆ, ನನ್ನ ಸುಳ್ಳು ಹಿಡಿಯುತ್ತಾರೆ ಎಂದುಕೊಂಡಿದ್ದೆ. ಸೊಸೆ ಸುಳ್ಳು ಹೇಳುತ್ತಾಳೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಅನ್ನದ ತಟ್ಟೆಯನ್ನು ತೊಟ್ಟಿಯ ಅಂಚಿಗಿಟ್ಟರು. "ಅವಳು ಹೇಳ್ತಾನೇ ಇದ್ಳು. ನಾನು ನಗ್ತಿದ್ದೆ" ಎಂದರು. ಮೀನುಗಳನ್ನು ಒಂದೊಂದಾಗಿ ಎತ್ತಿ ಬಳ್ಳಿಯ ಬುಡದಲ್ಲಿ ಹೂತರು.

ಆ ಬೇಸಿಗೆಯಲ್ಲಿ ಕಿಟಕಿಗಳನ್ನು ಬಿಚ್ಚಿಸಿ ಗುಜರಿಗೇ ಕೊಟ್ಟರು. ಬೇಡ ಮಾವ ಎಂದೆ. "ಅವಳಿಗೆ ಇಷ್ಟ ಇಲ್ಲ ಬಿಡಮ್ಮ" ಎಂದರು. ಮುಂದಿನ ಚಳಿಗೆ ಬಳ್ಳಿ ಹೋಯಿತು. ಮಾವ ಮತ್ತೆ ಎಲೆ ಹಾಕಲಿಲ್ಲ. ಅಂಗಡಿಯ ಎಲೆ ತಂದುಕೊಟ್ಟರೆ ದೇವರ ಮುಂದೆ ಇಡುತ್ತಿದ್ದರು. ನಿಜ ಹೇಳಬೇಕೆಂದು ಎಷ್ಟು ಸಲ ಅವರ ಕುರ್ಚಿಯ ತನಕ ಹೋಗಿದ್ದೇನೋ ಲೆಕ್ಕವಿಲ್ಲ. ಕಾಫಿ ಬೇಕಾ ಎಂದು ಕೇಳಿ ವಾಪಸ್ಸು ಬರುತ್ತಿದ್ದೆ. ನಾಚಿಕೆಗೆಟ್ಟವಳು.

ಮಗಳಿಗೆ ಏಳೆಂಟು ವರ್ಷವಿದ್ದಾಗ ಒಂದು ಬೆಳಗ್ಗೆ ಮತ್ತೆ ಗ್ರಹಣ. ಮಾವ ಮುಂಜಾನೆಯೇ ಎದ್ದು, ನೀರಿನ ಕೊಡಗಳ ಮೇಲೆ ದರ್ಭೆಯ ಎಳೆಗಳನ್ನು ಹಾಕಿ, ಕಿಟಕಿಗಳಿಗೆ ಕಂಬಳಿ ಕಟ್ಟಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಗಳು ಅವರ ಪಂಚೆ ಎಳೆದು ಕೇಳಿದಳು, "ತಾತ, ಗ್ರಹಣ ಹೇಗಾಗತ್ತೆ?"

ಬುಟ್ಟಿಯಲ್ಲಿ ಕಿತ್ತಳೆಹಣ್ಣಿತ್ತು. ಮಾವ ಅದನ್ನು ಒಮ್ಮೆ ನೋಡಿದ್ದನ್ನು ನಾನು ಕಂಡೆ. ಆಮೇಲೆ ಮಗುವನ್ನು ಹತ್ತಿರಕ್ಕೆಳೆದುಕೊಂಡು, ಅತ್ತೆಯ ಫೋಟೋದ ಕಡೆ ಕಣ್ಣೆತ್ತಿ, ದನಿ ತಗ್ಗಿಸಿ ಹೇಳಿದರು.

"ಅದನ್ನೆಲ್ಲ ಕೇಳ್ಬಾರ್ದು ಪುಟ್ಟಿ. ಅಜ್ಜಿಗೆ ಕೋಪ ಬರತ್ತೆ."